ಊರ ಕೆಲಸಕ್ಕೆ ಯಾರ ದುಡ್ಡು? ಪಂಚಾಯ್ತಿ, ಶಾಸಕರ ನಿಧಿ, ಸಿಎಸ್‌ಆರ್, ನಬಾರ್ಡ್: ಯಾವುದನ್ನು ಯಾವಾಗ ಹಿಡಿಯಬೇಕು

ಊರಿನ ಯುವಕ ಸಂಘದವರಿರಲಿ, ಶಾಲೆಯ ಮೇಲುಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿಯವರಿರಲಿ, ಸ್ವಸಹಾಯ ಗುಂಪಿನ ಹೆಣ್ಣುಮಕ್ಕಳಿರಲಿ, ಅನುದಾನ ಹುಡುಕಲು ಹೊರಟವರು ಮೊದಲು ಕೇಳುವ ಪ್ರಶ್ನೆ ಒಂದೇ: "ಈಗ ಯಾವ ಸ್ಕೀಮ್‌ನಲ್ಲಿ ದುಡ್ಡಿದೆ?" ಊರಿನವರ ಅರ್ಜಿಗಳನ್ನು ಬರೆದುಕೊಡುತ್ತ, ತಿದ್ದುತ್ತ ಬಂದ ಮೇಲೆ ನನಗೆ ಖಾತ್ರಿಯಾಗಿರುವುದು ಏನೆಂದರೆ, ಅದು ಎರಡನೇ ಪ್ರಶ್ನೆ. ಕೆಲಸ ಆಗಬೇಕಾದ ಜಾಗ ಯಾರ ಹೆಸರಲ್ಲಿದೆ, ಅರ್ಜಿಗೆ ಸಹಿ ಹಾಕುವವರು ಯಾರು, ಕೆಲಸ ಮುಗಿದ ಮೇಲೆ ಅದನ್ನು ನೋಡಿಕೊಳ್ಳುವವರು ಯಾರು ಎಂಬುದು ಮೊದಲು ಗೊತ್ತಾಗಬೇಕು. ಅಷ್ಟು ಗೊತ್ತಾದರೆ ಮುಕ್ಕಾಲು ಪಾಲು ಯೋಜನೆಗಳು ತಾವಾಗಿ ಪಟ್ಟಿಯಿಂದ ಬಿದ್ದುಹೋಗಿ, ಬೆನ್ನು ಹತ್ತಬೇಕಾದ ಒಂದೆರಡು ಮಾತ್ರ ಉಳಿಯುತ್ತವೆ.

ಇಲ್ಲಿ ಹೇಳುತ್ತಿರುವುದು ಊರಿಗೆ ಸೇರಿದ ಕೆಲಸಗಳ ಬಗ್ಗೆ: ಕೆರೆ, ಶಾಲೆ, ಗ್ರಂಥಾಲಯ, ಕುಡಿಯುವ ನೀರು, ಗುಂಪಿನ ಸಣ್ಣ ಉದ್ಯಮ. ಮನೆ, ಪಿಂಚಣಿ, ಕೊಳವೆಬಾವಿಯಂಥ ವೈಯಕ್ತಿಕ ಸವಲತ್ತಿನ ದಾರಿ ಬೇರೆ.

ಜಾಗದ ಕಾಗದ ಮೊದಲು

ಸರ್ವೆ ನಂಬರ್ ಹಿಡಿದು ಪಹಣಿ ತೆಗೆಸಿ. 9ನೇ ಕಾಲಂನಲ್ಲಿ ಯಾರ ಹೆಸರಿದೆ, 11ನೇ ಕಾಲಂನಲ್ಲಿ ಯಾವುದಾದರೂ ಋಣ ಅಥವಾ ಹಕ್ಕು ನಮೂದಾಗಿದೆಯೇ ನೋಡಿ. ಗ್ರಾಮಠಾಣದೊಳಗಿನ ನಿವೇಶನವಾದರೆ ಪಂಚಾಯ್ತಿಯ ಆಸ್ತಿ ದಾಖಲೆಯಾದ ಇ-ಸ್ವತ್ತು ನಮೂನೆ 9 ಮತ್ತು 11 ಕೇಳಿ ಪಡೆಯಿರಿ. ಗ್ರಂಥಾಲಯಕ್ಕೋ ಸಮುದಾಯ ಭವನಕ್ಕೋ ಮಂಜೂರಾದ ಹಣ ವಾಪಸ್ ಹೋಗುವುದಕ್ಕೆ ಬಹಳ ಸಲ ಈ ಕಾಗದವೇ ಕಾರಣ. ಊರಿನ ಹಿರಿಯರೊಬ್ಬರು "ನಮ್ಮ ಎರಡು ಗುಂಟೆ ತಗೊಳ್ಳಿ" ಅಂತ ಬಾಯಲ್ಲಿ ಹೇಳಿರುತ್ತಾರೆ. ಅವರು ತೀರಿಕೊಂಡ ಮೇಲೆ ಮಕ್ಕಳು ಒಪ್ಪುವುದಿಲ್ಲ. ದಾನ ಕೊಡುವವರಿದ್ದರೆ ಉಪನೋಂದಣಿ ಕಚೇರಿಗೆ ಹೋಗಿ ದಾನಪತ್ರ ನೋಂದಾಯಿಸಿ, ಪಂಚಾಯ್ತಿಯ ಅಥವಾ ಶಿಕ್ಷಣ ಇಲಾಖೆಯ ಹೆಸರಿಗೆ ಖಾತೆ ಆಗುವ ತನಕ ಅನುದಾನದ ಮಾತೆತ್ತಬೇಡಿ.

ಕೆರೆಯಾದರೆ ಅದು ಯಾರ ಸುಪರ್ದಿಯಲ್ಲಿದೆ ಎಂಬುದನ್ನು ಮೊದಲೇ ತಿಳಿದುಕೊಳ್ಳಬೇಕು. 40 ಹೆಕ್ಟೇರ್‌ವರೆಗೆ ಅಚ್ಚುಕಟ್ಟು, ಅಂದರೆ ನೀರುಣ್ಣುವ ಜಮೀನು, ಇರುವ ಕೆರೆಗಳು ಪಂಚಾಯತ್ ರಾಜ್ ವ್ಯವಸ್ಥೆಯ ಕೆಳಗೆ ಬರುತ್ತವೆ. ಅದಕ್ಕಿಂತ ದೊಡ್ಡವು, 2000 ಹೆಕ್ಟೇರ್‌ವರೆಗಿನವು, ಸಣ್ಣ ನೀರಾವರಿ ಇಲಾಖೆಯವು. ಇಲಾಖೆಯ ಕೆರೆಗೆ ಪಂಚಾಯ್ತಿಯಲ್ಲಿ ಅರ್ಜಿ ಕೊಟ್ಟು ವರ್ಷಗಟ್ಟಲೆ ಕಾಯುವ ಊರುಗಳಿವೆ. ಆ ಕಾಯುವಿಕೆ ತಪ್ಪಿಸಲು ಒಂದು ಪಹಣಿ, ಒಂದು ವಿಚಾರಣೆ ಸಾಕು.

ಪಂಚಾಯ್ತಿ: ನಿಧಾನ, ಆದರೆ ಹಕ್ಕಿನ ದುಡ್ಡು

ಸಿಎಸ್‌ಆರ್, ಅಂದರೆ ಕಂಪನಿಗಳು ಸಮಾಜಕ್ಕೆಂದು ಖರ್ಚು ಮಾಡುವ ದುಡ್ಡು, ಅನ್ನುವ ಮಾತು ಕೇಳಿ ಬೆಂಗಳೂರಿನ ಬಸ್ಸು ಹತ್ತುವ ಮುಂಚೆ ನಿಮ್ಮ ಪಂಚಾಯ್ತಿಯ ಕ್ರಿಯಾ ಯೋಜನೆಯನ್ನು ಓದಿ. ಇಲ್ಲಿ ನೀವು ಯಾರ ಮುಂದೆಯೂ ಕೈ ಒಡ್ಡುತ್ತಿಲ್ಲ. ವಾರ್ಡ್ ಸಭೆ, ಗ್ರಾಮ ಸಭೆಗಳಲ್ಲಿ ಕೆಲಸಗಳನ್ನು ಆರಿಸುವ ಅಧಿಕಾರವನ್ನು ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆ, 1993 ನಿಮಗೇ ಕೊಟ್ಟಿದೆ.

ಪಂಚಾಯ್ತಿಯ ಕೈಯಲ್ಲಿ ಮುಖ್ಯವಾಗಿ ಮೂರು ಬಗೆಯ ದುಡ್ಡಿರುತ್ತದೆ. ಒಂದು, ಕೇಂದ್ರ ಹಣಕಾಸು ಆಯೋಗದ ಅನುದಾನ. ಎರಡು, ಉದ್ಯೋಗ ಖಾತರಿ. ಮೂರು, ಮನೆ ಕಂದಾಯ, ನೀರಿನ ಕರದಿಂದ ಬರುವ ಸ್ವಂತ ಸಂಪನ್ಮೂಲ.

ಹಣಕಾಸು ಆಯೋಗದ ದುಡ್ಡಿನಲ್ಲಿ ಒಂದು ಗೆರೆ ಎಳೆದಿರುತ್ತದೆ. 2021ರಿಂದ 2026ರವರೆಗಿನ 15ನೇ ಆಯೋಗದ ಅನುದಾನದಲ್ಲಿ ಶೇ 60ರಷ್ಟು ನಿರ್ಬಂಧಿತ: ಅರ್ಧ ನೈರ್ಮಲ್ಯಕ್ಕೆ, ಇನ್ನರ್ಧ ಕುಡಿಯುವ ನೀರು, ಮಳೆನೀರು ಕೊಯ್ಲು, ನೀರಿನ ಮರುಬಳಕೆಗೆ. ಉಳಿದ ಶೇ 40 ಅನಿರ್ಬಂಧಿತ. ಊರಿನ ಅಗತ್ಯ ನೋಡಿ ಬಳಸಬಹುದು, ಸಂಬಳಕ್ಕೆ ಮಾತ್ರ ಬಳಸುವಂತಿಲ್ಲ. 2026ರ ಏಪ್ರಿಲ್‌ನಿಂದ 16ನೇ ಆಯೋಗದ ಅವಧಿ ಶುರು, ಆದ್ದರಿಂದ ಈ ವರ್ಷದ ಹಂಚಿಕೆ ಹೇಗಿದೆ ಎಂದು ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರನ್ನೇ ಕೇಳಿ. ಸಿಸಿ ರಸ್ತೆ, ಚರಂಡಿ, ಬೀದಿದೀಪ ಅಂತ ಎಲ್ಲರೂ ಜಗ್ಗಾಡುವುದು ಅನಿರ್ಬಂಧಿತ ಪಾಲನ್ನು. ನಿರ್ಬಂಧಿತ ಪಾಲಿಗೆ ಅಷ್ಟು ಜನ ಮುಗಿಬೀಳುವುದಿಲ್ಲ. ಶಾಲೆಯ ಚಾವಣಿಯ ಮಳೆನೀರು ಸಂಗ್ರಹ, ಅಂಗನವಾಡಿಯ ಶೌಚಾಲಯ, ಊರ ಕೊಳವೆಬಾವಿಯ ಜಲಮರುಪೂರಣ ನಿಮಗೆ ನಿಜಕ್ಕೂ ಬೇಕಿದ್ದರೆ, ಕೇಳುವುದನ್ನು ಅಲ್ಲಿಂದಲೇ ಶುರುಮಾಡಿ.

ಉದ್ಯೋಗ ಖಾತರಿಯ ಲೆಕ್ಕ ಬೇರೆ. 2005ರ ನರೇಗಾ ಕಾಯ್ದೆ ಕೂಲಿಗೆ ಕನಿಷ್ಠ ಶೇ 60, ಸಾಮಗ್ರಿಗೆ ಗರಿಷ್ಠ ಶೇ 40 ಎಂದು ಗೊತ್ತುಮಾಡಿತ್ತು, ಗುತ್ತಿಗೆದಾರರಿಗೆ ಜಾಗವಿರಲಿಲ್ಲ. ಆದ್ದರಿಂದಲೇ ಹೂಳು ತೆಗೆಯುವುದು, ಬದು, ಕೃಷಿ ಹೊಂಡ, ಕಾಲುವೆ ಸರಿಪಡಿಸುವುದು ಸಲೀಸಾಗಿ ಮಂಜೂರಾಗುತ್ತಿದ್ದವು. ಸಿಮೆಂಟು, ಕಬ್ಬಿಣ ಹೆಚ್ಚು ತಿನ್ನುವ ಕಟ್ಟಡಗಳು ಒಟ್ಟು ಅನುಪಾತ ಕೆಡಿಸುವ ಭಯದಲ್ಲಿ ಹಿಂದೆ ಬೀಳುತ್ತಿದ್ದವು. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಇದರ ಜಾಗಕ್ಕೆ ವಿಬಿ-ಜಿ ರಾಮ್ ಜಿ ಎಂದು ಕರೆಯುವ ಹೊಸ ಕಾಯ್ದೆ ತಂದಿದೆ. ಕೆಲಸದ ಖಾತರಿ 100 ದಿನದಿಂದ 125ಕ್ಕೆ ಏರಿದೆ, ಖರ್ಚಿನಲ್ಲಿ ಕರ್ನಾಟಕದಂಥ ರಾಜ್ಯಗಳು ಶೇ 40 ಹೊರಬೇಕು, ಬಿತ್ತನೆ ಮತ್ತು ಕೊಯ್ಲಿನ ಕಾಲದಲ್ಲಿ ವರ್ಷಕ್ಕೆ ಒಟ್ಟು 60 ದಿನ ಕೆಲಸ ನಿಲ್ಲಿಸಲು ಅವಕಾಶವಿದೆ. ಕೆರೆ ಕೆಲಸ ಈ ಲೆಕ್ಕದಲ್ಲಿ ಮಾಡಿಸುವವರು ಇನ್ನು ಮೇಲೆ ತಿಂಗಳನ್ನೂ ನೋಡಿಕೊಳ್ಳಬೇಕು. ಫೆಬ್ರವರಿಯಿಂದ ಮೇವರೆಗೆ ಕೆರೆಯೂ ಒಣಗಿರುತ್ತದೆ, ಮಳೆಯಾಶ್ರಿತ ಊರುಗಳಲ್ಲಿ ಹೊಲದ ಕೆಲಸವೂ ಕಡಿಮೆ. ಆ ತಿಂಗಳುಗಳಿಗೆ ಕೆಲಸ ಬೀಳುವಂತೆ ಕ್ರಿಯಾ ಯೋಜನೆಯಲ್ಲಿ ಮೊದಲೇ ಬರೆಸಿ.

ಪಂಚಾಯ್ತಿ ದಾರಿಯ ದೊಡ್ಡ ತೊಡಕು ಸಮಯ. ಮುಂದಿನ ವರ್ಷದ ಯೋಜನೆ ತಯಾರಾಗುವುದು ಸಾಮಾನ್ಯವಾಗಿ ಅಕ್ಟೋಬರ್ 2ರ ಗಾಂಧಿ ಜಯಂತಿಯಿಂದ ಶುರುವಾಗುವ ಸಭೆಗಳಲ್ಲಿ. ಜನವರಿಯಲ್ಲಿ ಮನವಿ ಕೊಟ್ಟರೆ ಬಸ್ಸು ಹೋಗಿಯಾಗಿದೆ ಎಂದೇ ಲೆಕ್ಕ. ಇನ್ನೊಂದು ತೊಡಕು ನಡವಳಿ ಪುಸ್ತಕದಲ್ಲಿ ಏನು ಬರೆದಿದ್ದಾರೆ ಎಂಬುದು. "ಕೆರೆ ಅಭಿವೃದ್ಧಿಪಡಿಸಲು ತೀರ್ಮಾನಿಸಲಾಯಿತು" ಅಂತ ಬರೆದಿದ್ದರೆ ಅದರಿಂದ ಏನೂ ಹುಟ್ಟುವುದಿಲ್ಲ. "ಸರ್ವೆ ನಂಬರ್ ಇಂಥದ್ದರ ಊರ ಮುಂದಿನ ಕೆರೆಗೆ ಪೂರ್ವದಿಂದ ನೀರು ತರುವ ಕಾಲುವೆಯನ್ನು ಮಾರಮ್ಮನ ಗುಡಿಯಿಂದ ತೂಬಿನವರೆಗೆ 400 ಮೀಟರ್ ಹೂಳೆತ್ತಿ, ಎರಡು ಕಡೆ ಒಡೆದಿರುವ ಏರಿಗೆ ಕಲ್ಲು ಹೊದಿಸುವುದು" ಎಂದಿದ್ದರೆ ಕಿರಿಯ ಎಂಜಿನಿಯರ್ (ಜೆಇ) ಬಂದು ಅಳತೆ ಹಿಡಿದು ಅಂದಾಜು ಪಟ್ಟಿ ಮಾಡಬಹುದು. ಸಭೆ ಮುಗಿದು ಜನ ಏಳುವ ಮುಂಚೆ ನಿಮ್ಮ ಠರಾವನ್ನು ಗಟ್ಟಿಯಾಗಿ ಓದಿಸಿ. ಸಹಿ ಆಮೇಲೆ ಹಾಕಿ. ನಾಲ್ಕು ದಿನ ಬಿಟ್ಟು ದೃಢೀಕೃತ ನಕಲು ಕೇಳಿ ಪಡೆಯಿರಿ. ಮುಂದೆ ಯಾವ ಕಚೇರಿಗೆ ಹೋದರೂ ಮೊದಲು ಕೇಳುವುದು ಆ ನಕಲನ್ನೇ.

ಶಾಸಕರು, ಸಂಸದರು: ಗಣಿತ ಹಾಕಿ ಹೋಗಿ

ಸಂಸದರಿಗೆ ವರ್ಷಕ್ಕೆ 5 ಕೋಟಿ ರೂಪಾಯಿ, ಶಾಸಕರಿಗೆ ಮತ್ತು ವಿಧಾನ ಪರಿಷತ್ ಸದಸ್ಯರಿಗೆ 2 ಕೋಟಿ. ದೊಡ್ಡ ಮೊತ್ತ ನೋಡಿ ಜನ ಸಂಸದರ ಮನೆಗೆ ಹೋಗುತ್ತಾರೆ. ಕರ್ನಾಟಕದಲ್ಲಿ ಲೋಕಸಭಾ ಕ್ಷೇತ್ರ 28, ವಿಧಾನಸಭಾ ಕ್ಷೇತ್ರ 224. ಒಬ್ಬ ಸಂಸದರ ಪಾಲಿಗೆ ಎಂಟು ವಿಧಾನಸಭಾ ಕ್ಷೇತ್ರ. 5 ಕೋಟಿಯನ್ನು ಎಂಟಕ್ಕೆ ಹಂಚಿದರೆ ನಿಮ್ಮ ಕ್ಷೇತ್ರದ ಪಾಲು 62.5 ಲಕ್ಷ, ಶಾಸಕರ 2 ಕೋಟಿಯ ಮೂರನೇ ಒಂದು ಭಾಗಕ್ಕೂ ಸ್ವಲ್ಪ ಕಡಿಮೆ. ಐದಾರು ಲಕ್ಷದ ಒಂದು ಕೊಠಡಿಗೆ ಶಾಸಕರೇ ಹತ್ತಿರ.

ಊರಿನವರು ಮರೆಯುವ ಇನ್ನೊಂದು ಬಾಗಿಲು ವಿಧಾನ ಪರಿಷತ್ತು. 75 ಸದಸ್ಯರಲ್ಲಿ 25 ಮಂದಿ ಸ್ಥಳೀಯ ಸಂಸ್ಥೆಗಳ ಕ್ಷೇತ್ರದಿಂದ ಆಯ್ಕೆಯಾಗುತ್ತಾರೆ, ಅವರಿಗೆ ಮತ ಹಾಕುವವರಲ್ಲಿ ಗ್ರಾಮ ಪಂಚಾಯ್ತಿ ಸದಸ್ಯರೇ ಹೆಚ್ಚು. ನಿಮ್ಮ ಪಂಚಾಯ್ತಿ ಅಧ್ಯಕ್ಷರು, ಸದಸ್ಯರು ಒಟ್ಟಾಗಿ ಮನವಿ ಹಿಡಿದು ಹೋದರೆ ಆ ಸದಸ್ಯರು ಕಿವಿಗೊಡದೆ ಇರುವುದು ಕಷ್ಟ. ರಾಜ್ಯಸಭೆಯ ನಮ್ಮ 12 ಸದಸ್ಯರು ರಾಜ್ಯದ ಯಾವ ಜಿಲ್ಲೆಗಾದರೂ ಕೆಲಸ ಶಿಫಾರಸು ಮಾಡಬಹುದು.

ಇಲ್ಲಿ ಜನಪ್ರತಿನಿಧಿ ಮಾಡುವುದು ಶಿಫಾರಸು ಮಾತ್ರ. ಮಂಜೂರಾತಿ ಜಿಲ್ಲಾಡಳಿತದ್ದು, ಕೆಲಸ ಮಾಡುವುದು ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗವೋ, ರಾಜ್ಯ ಸರ್ಕಾರದ ನಿರ್ಮಾಣ ಸಂಸ್ಥೆ ಕೆಆರ್‌ಐಡಿಎಲ್ಲೋ, ನಿರ್ಮಿತಿ ಕೇಂದ್ರವೋ. "ಎಂಎಲ್‌ಎ ಒಪ್ಪಿದರು" ಎಂದು ಊರಲ್ಲಿ ಸಿಹಿ ಹಂಚಿದ ಮೇಲೂ ಕಡತ ಡಿಸಿ ಕಚೇರಿಯಲ್ಲಿ ಜಾಗದ ದಾಖಲೆಗಾಗಿ ಕಾಯುತ್ತಿರುತ್ತದೆ. ಸಂಸದರ ನಿಧಿಯಲ್ಲಿ ಧಾರ್ಮಿಕ ಸ್ಥಳ, ಖಾಸಗಿ ಆಸ್ತಿ, ಭೂಸ್ವಾಧೀನಕ್ಕೆ ಅವಕಾಶವಿಲ್ಲ. ಅದೇ ನಿಧಿಯಲ್ಲಿ ಪರಿಶಿಷ್ಟ ಜಾತಿಯವರು ವಾಸಿಸುವ ಪ್ರದೇಶಕ್ಕೆ ಶೇ 15, ಪರಿಶಿಷ್ಟ ಪಂಗಡದವರ ಪ್ರದೇಶಕ್ಕೆ ಶೇ 7.5 ಮೀಸಲಿದೆ. ನಿಮ್ಮ ಕೆಲಸ ಅಂಥ ಕಾಲೊನಿಯಲ್ಲಿದ್ದರೆ ಅದನ್ನು ಮನವಿಯ ಮೊದಲ ಸಾಲಿನಲ್ಲೇ ಬರೆಯಿರಿ.

ನನ್ನ ತೀರ್ಪು: ಒಂದು ಸಲ ಕಟ್ಟಿ ಮುಗಿಸುವ ಕೆಲಸಕ್ಕೆ, ಅಂದರೆ ಕೊಠಡಿ, ಕಾಂಪೌಂಡು, ಬಸ್ ತಂಗುದಾಣಕ್ಕೆ ಈ ದಾರಿ ಒಳ್ಳೆಯದು. ಗ್ರಂಥಾಲಯದ ಕಟ್ಟಡ ಬರುತ್ತದೆ, ಪುಸ್ತಕ, ವಿದ್ಯುತ್ ಬಿಲ್ಲು ಬರುವುದಿಲ್ಲ. ಚುನಾವಣೆಯ ನೀತಿಸಂಹಿತೆ ಜಾರಿಯಾದರೆ ಹೊಸ ಕೆಲಸಗಳು ನಿಂತುಬಿಡುತ್ತವೆ ಎಂಬುದೂ ತಲೆಯಲ್ಲಿರಲಿ.

ಪ್ರದೇಶದ ಮಂಡಳಿಗಳು

ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಯವರಾದರೆ ಸಂವಿಧಾನದ 371ಜೆ ವಿಧಿಯಡಿ ಬಂದ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ನಿಮಗಿದೆ. ಉಳಿದ ಮಂಡಳಿಗಳಿಗೆ ಹೋಲಿಸಿದರೆ ಇದರ ಹಣ ಬಹಳ ದೊಡ್ಡದು. ಶಾಲಾ ಕೊಠಡಿ, ಆರೋಗ್ಯ ಕೇಂದ್ರ, ರಸ್ತೆಗಳಿಗೆ ಇಲ್ಲಿ ಗಟ್ಟಿ ಅವಕಾಶ. ಹಂಚಿಕೆಗೆ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಗುರುತಿಸಿದ ಹಿಂದುಳಿದ ತಾಲ್ಲೂಕುಗಳ ಲೆಕ್ಕ ಆಧಾರ. ಆ ವರದಿ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವು ಎಂದು ಹೇಳಿ, ಅದರಲ್ಲಿ 39ನ್ನು ಅತ್ಯಂತ ಹಿಂದುಳಿದವು ಎಂದು ವಿಂಗಡಿಸಿತು. ನಿಮ್ಮ ತಾಲ್ಲೂಕು ಆ ಪಟ್ಟಿಯಲ್ಲಿದ್ದರೆ ಯಾವ ಅರ್ಜಿಯಲ್ಲಾದರೂ ಅದನ್ನು ನಮೂದಿಸಿ. ಮಲೆನಾಡಿನವರಿಗೆ ಶಿವಮೊಗ್ಗದಲ್ಲಿ, ಬಯಲುಸೀಮೆಯವರಿಗೆ ಚಿತ್ರದುರ್ಗದಲ್ಲಿ ಮಂಡಳಿಗಳಿವೆ. ಕಾಲುಸಂಕ, ಸಣ್ಣ ಸೇತುವೆ, ತಡೆಗೋಡೆಯಂಥ ಕೆಲಸಗಳಿಗೆ ಕೇಳಿನೋಡಬಹುದು.

ಸಿಎಸ್‌ಆರ್: ಬೇಗ ಬರುತ್ತದೆ, ಬೇಗ ಹೋಗುತ್ತದೆ

ಕಂಪನಿ ಕಾಯ್ದೆ, 2013ರ 135ನೇ ಸೆಕ್ಷನ್ ಪ್ರಕಾರ 500 ಕೋಟಿ ನಿವ್ವಳ ಮೌಲ್ಯ, ಅಥವಾ 1000 ಕೋಟಿ ವಹಿವಾಟು, ಅಥವಾ 5 ಕೋಟಿ ನಿವ್ವಳ ಲಾಭ ಇರುವ ಕಂಪನಿ ತನ್ನ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಕಂಪನಿ ತಾನು ಕೆಲಸ ಮಾಡುವ ಸುತ್ತಮುತ್ತಲ ಪ್ರದೇಶಕ್ಕೆ ಆದ್ಯತೆ ಕೊಡಬೇಕೆಂದೂ ಕಾಯ್ದೆ ಹೇಳುತ್ತದೆ. ಆದ್ದರಿಂದ ಬೆಂಗಳೂರಿನ ದೊಡ್ಡ ಹೆಸರುಗಳಿಗಿಂತ ಮೊದಲು ನಿಮ್ಮ ತಾಲ್ಲೂಕಿನಲ್ಲೇ ಇರುವವರನ್ನು ನೋಡಿ: ಸಕ್ಕರೆ ಕಾರ್ಖಾನೆ, ಸಿಮೆಂಟ್ ಕಾರ್ಖಾನೆ, ಗಾಳಿ ವಿದ್ಯುತ್ ಮತ್ತು ಸೋಲಾರ್ ಪಾರ್ಕ್, ಗಣಿ. ನಿಮ್ಮ ಊರಿನ ರಸ್ತೆಯಲ್ಲಿ ಅವರ ಲಾರಿ ಓಡುತ್ತಿದ್ದರೆ ಕೇಳುವುದರಲ್ಲಿ ಸಂಕೋಚ ಬೇಡ.

ಸಮಸ್ಯೆ ಹಣ ಪಡೆಯುವ ಅರ್ಹತೆಯಲ್ಲಿ. 2021ರ ಏಪ್ರಿಲ್‌ನಿಂದ, ಕಂಪನಿಯ ಪರವಾಗಿ ಕೆಲಸ ಮಾಡುವ ಸಂಸ್ಥೆ ಸಿಎಸ್‌ಆರ್-1 ನಮೂನೆಯಲ್ಲಿ ನೋಂದಣಿಯಾಗಿರಬೇಕು. ಹೊರಗಿನ ಸ್ವತಂತ್ರ ಸಂಸ್ಥೆಯಾದರೆ ಆದಾಯ ತೆರಿಗೆ ವಿನಾಯಿತಿಯ 12ಎ, 80ಜಿ ನೋಂದಣಿ ಮತ್ತು ಅದೇ ಬಗೆಯ ಕೆಲಸದಲ್ಲಿ ಕನಿಷ್ಠ ಮೂರು ವರ್ಷದ ಅನುಭವ ಬೇಕು. 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಕಳೆದ ವರ್ಷ ನೋಂದಣಿಯಾದ ಯುವಕ ಸಂಘಕ್ಕೆ ಇದು ಆಗದ ಮಾತು. ಅದಕ್ಕೆಂದೇ ಆಡಿಟರ್ ಹಿಂದೆ ಅಲೆದು ಸಾವಿರಾರು ರೂಪಾಯಿ ಖರ್ಚು ಮಾಡುವ ಬದಲು ಎರಡರಲ್ಲಿ ಒಂದು ಮಾಡಿ. ನಿಮ್ಮ ಜಿಲ್ಲೆಯಲ್ಲಿ ಈಗಾಗಲೇ ಅರ್ಹತೆ ಇರುವ, ಹೆಸರು ಕೆಡಿಸಿಕೊಳ್ಳದ ಸಂಸ್ಥೆಯೊಂದನ್ನು ಜೊತೆಗೆ ಕರೆದುಕೊಳ್ಳಿ. ಇಲ್ಲವಾದರೆ ದುಡ್ಡು ಕೇಳಬೇಡಿ, ಕೆಲಸವನ್ನೇ ಕೇಳಿ: ಕಂಪನಿಯೇ ನೇರವಾಗಿ ಶಾಲೆಗೆ ಬೆಂಚು, ಶುದ್ಧ ನೀರಿನ ಘಟಕ, ಸೋಲಾರ್ ದೀಪ ಹಾಕಿಸಿ ಹಸ್ತಾಂತರಿಸಲಿ.

ಆ ಹಸ್ತಾಂತರವೇ ಸೂಕ್ಷ್ಮ ಘಟ್ಟ. ಬಾಗಿಲು ಮುಚ್ಚಿ, ಒಂದು ರೂಪಾಯಿ ನಾಣ್ಯ ಹಾಕುವ ತೂತಿಗೆ ಜೇಡ ಬಲೆ ಕಟ್ಟಿರುವ ನೀರಿನ ಘಟಕಗಳನ್ನು ನೀವೂ ನೋಡಿರುತ್ತೀರಿ. ನೀರು ಸೋಸುವ ಮೆಂಬ್ರೇನ್ ಯಾರು ಬದಲಾಯಿಸಬೇಕು, ವಿದ್ಯುತ್ ಬಿಲ್ಲು ಯಾರು ಕಟ್ಟಬೇಕು, ನಾಣ್ಯದ ಪೆಟ್ಟಿಗೆಯ ಬೀಗದ ಕೈ ಯಾರ ಹತ್ತಿರ ಇರಬೇಕು ಎಂಬುದನ್ನು ಯಾರೂ ಬರೆದಿಟ್ಟಿರಲಿಲ್ಲ. ಘಟಕ ಬರುವ ಮುಂಚೆಯೇ ಪಂಚಾಯ್ತಿಯಿಂದ ನಿರ್ವಹಣೆಯ ಠರಾವು ಮಾಡಿಸಿ, ಕನಿಷ್ಠ ಮೂರು ವರ್ಷದ ಸರ್ವಿಸ್ ಕರಾರನ್ನು ಕಂಪನಿಯಿಂದಲೇ ಕೇಳಿ. ಒಪ್ಪದಿದ್ದರೆ ಘಟಕ ಬೇಡ ಎನ್ನುವ ಧೈರ್ಯ ಮಾಡಿ.

ಕಂಪನಿಗಳ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ಮುಂದಿನ ವರ್ಷದ ಯೋಜನೆ ಆಡಳಿತ ಮಂಡಳಿಯ ಮುಂದೆ ಹೋಗುವ ಮುನ್ನ, ಡಿಸೆಂಬರ್-ಜನವರಿ ಹೊತ್ತಿಗೆ ನಿಮ್ಮ ಪ್ರಸ್ತಾವನೆ ಅವರ ಕೈಯಲ್ಲಿರಲಿ.

ನಬಾರ್ಡ್ ಮತ್ತು ದೊಡ್ಡ ಸಂಸ್ಥೆಗಳು

ಕೃಷಿ, ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕಾದ ನಬಾರ್ಡ್ ಅಂದರೆ ಸಾಲ ಎಂದಷ್ಟೇ ಜನ ತಿಳಿದಿದ್ದಾರೆ. ಅದರ ಜಲಾನಯನ ಅಭಿವೃದ್ಧಿ ನಿಧಿ, ಆದಿವಾಸಿ ಕುಟುಂಬಗಳಿಗೆ ಹಣ್ಣಿನ ತೋಟ ಎಬ್ಬಿಸಿಕೊಡುವ 'ವಾಡಿ' ಯೋಜನೆಯ ಬುಡಕಟ್ಟು ಅಭಿವೃದ್ಧಿ ನಿಧಿ ಅನುದಾನದ ಯೋಜನೆಗಳೇ. ಆದರೆ ಆರ್‌ಐಡಿಎಫ್ (ಗ್ರಾಮೀಣ ಮೂಲಸೌಕರ್ಯ ಅಭಿವೃದ್ಧಿ ನಿಧಿ) ಎಂದು ಕೇಳಿದ್ದರೆ ಅದು ರಾಜ್ಯ ಸರ್ಕಾರಕ್ಕೆ ಕೊಡುವ ಸಾಲ. ಊರಿನ ಸಂಘ ಅದಕ್ಕೆ ಅರ್ಜಿ ಹಾಕುವಂತಿಲ್ಲ. ಜಲಾನಯನದ ಕೆಲಸ ಗುಡ್ಡದ ನೆತ್ತಿಯಿಂದ ಕಣಿವೆಯವರೆಗೆ ವರ್ಷಗಟ್ಟಲೆ ನಡೆಯುತ್ತದೆ, ಊರಿನವರ ಸಮಿತಿ ಬೇಕು, ಶ್ರಮದಾನ ಬೇಕು. ಮೇಯಲು ದನ ಬಿಡುವುದನ್ನು ನಿಲ್ಲಿಸುವಂಥ ಕಟ್ಟುಪಾಡಿಗೂ ಊರು ಒಪ್ಪಬೇಕಾಗುತ್ತದೆ. ಒಗ್ಗಟ್ಟಿರುವ ಊರಿಗೆ ಇದಕ್ಕಿಂತ ಒಳ್ಳೆಯ ಯೋಜನೆ ನಾನು ಕಂಡಿಲ್ಲ. ಎರಡು ಪಾರ್ಟಿಯಾಗಿ ಒಡೆದಿರುವ ಊರು ಇದಕ್ಕೆ ಕೈ ಹಾಕದಿರುವುದೇ ಲೇಸು. ಕೇಳಬೇಕಾದ ಜಾಗ, ನಿಮ್ಮ ಜಿಲ್ಲೆಯನ್ನು ನೋಡಿಕೊಳ್ಳುವ ನಬಾರ್ಡ್ ಜಿಲ್ಲಾ ಅಭಿವೃದ್ಧಿ ವ್ಯವಸ್ಥಾಪಕರು, ಅಂದರೆ ಡಿಡಿಎಂ.

ಕೆರೆಯ ಹೂಳಿಗೆ ಮಾತ್ರವಾದರೆ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ 'ನಮ್ಮೂರು ನಮ್ಮ ಕೆರೆ' ಕಾರ್ಯಕ್ರಮವನ್ನೂ ವಿಚಾರಿಸಬಹುದು. ಊರಿನವರದೇ ಕೆರೆ ಸಮಿತಿ, ಪಂಚಾಯ್ತಿಯ ಒಪ್ಪಿಗೆ, ರೈತರ ಸಹಭಾಗಿತ್ವ ಇದರ ತಳಹದಿ.

ಗುಂಪಿನ ಉದ್ಯಮಕ್ಕೆ ಬರುವ 'ಅನುದಾನ' ಕೈಗೆ ಬರುವ ದುಡ್ಡಲ್ಲ

ರೊಟ್ಟಿ, ಚಟ್ನಿಪುಡಿ, ಸಿರಿಧಾನ್ಯದ ಗಿರಣಿ, ಬೆಲ್ಲ, ಹಪ್ಪಳ ಎಂದು ಹೊರಡುವ ಹೆಣ್ಣುಮಕ್ಕಳ ಗುಂಪುಗಳಿಗೆ ಈ ಭಾಗ. ಸಣ್ಣ ಆಹಾರ ತಯಾರಿಕಾ ಘಟಕಗಳಿಗೆಂದೇ ಇರುವ ಪಿಎಂಎಫ್‌ಎಂಇ ಯೋಜನೆಯಲ್ಲಿ ಕೇಂದ್ರ ಶೇ 35, ಗರಿಷ್ಠ 10 ಲಕ್ಷ ಸಹಾಯಧನ ಕೊಡುತ್ತದೆ. ಕರ್ನಾಟಕ ಅದಕ್ಕೆ ಶೇ 15 ಸೇರಿಸುವುದರಿಂದ ಒಟ್ಟು ಶೇ 50, ಗರಿಷ್ಠ 15 ಲಕ್ಷ. ಹೆಡ್‌ಲೈನ್ ಚೆಂದ. ಒಳಗಿನ ಲೆಕ್ಕ ಹೀಗಿದೆ: ಮೊದಲು ಬ್ಯಾಂಕ್ ಸಾಲ ಮಂಜೂರಾಗಬೇಕು, ನಿಮ್ಮ ಕಡೆಯಿಂದ ಕನಿಷ್ಠ ಶೇ 10 ಹಾಕಬೇಕು. ಸಹಾಯಧನ ಬಂದರೂ ಅದು ಬ್ಯಾಂಕಿನಲ್ಲೇ ಬೇರೆ ಖಾತೆಯಲ್ಲಿ ಕೂತಿರುತ್ತದೆ. ಮೂರು ವರ್ಷ ಘಟಕ ನಡೆದು, ಸಾಲದ ಕಂತು ತಪ್ಪದಿದ್ದರೆ ಆಮೇಲೆ ಸಾಲಕ್ಕೆ ಜಮೆ. ಅಂದರೆ 10 ಲಕ್ಷದ ಘಟಕಕ್ಕೆ 5 ಲಕ್ಷ 'ಫ್ರೀ' ಎಂದು ಯಾರಾದರೂ ಹೇಳಿದರೆ, ಆ ಮೂರು ವರ್ಷದ ಕಂತನ್ನು ಯಾರು ಕಟ್ಟುತ್ತಾರೆ ಎಂದು ಕೇಳಿ. ಒಂದು ಒಳ್ಳೆಯ ಸಂಗತಿಯೆಂದರೆ ಅರ್ಜಿ, ಯೋಜನಾ ವರದಿ ತಯಾರಿಸಿಕೊಡಲು ಪ್ರತಿ ಜಿಲ್ಲೆಯಲ್ಲೂ ಸಂಪನ್ಮೂಲ ವ್ಯಕ್ತಿಗಳಿದ್ದಾರೆ. ಕೃಷಿ ಇಲಾಖೆಯಲ್ಲಿ ಅವರ ಹೆಸರು ಕೇಳಿ. ವರದಿ ಬರೆಸಲು ಏಜೆಂಟರಿಗೆ ದುಡ್ಡು ಸುರಿಯಬೇಡಿ.

ಇನ್ನೂ ಶುರುವಿನಲ್ಲಿರುವ ಗುಂಪಿಗೆ ರಾಜ್ಯದ ಗ್ರಾಮೀಣ ಜೀವನೋಪಾಯ ಕಾರ್ಯಕ್ರಮವಾದ ಸಂಜೀವಿನಿಯ ದಾರಿ ಸರಿ. ವಾರದ ಸಭೆ, ಉಳಿತಾಯ, ಒಳಸಾಲ, ಮರುಪಾವತಿ, ಲೆಕ್ಕ ಪುಸ್ತಕ ಎಂಬ ಪಂಚಸೂತ್ರ ಪಾಲಿಸಿದ ಗುಂಪಿಗೆ ಆವರ್ತ ನಿಧಿ ಬರುತ್ತದೆ, ಮುಂದೆ ಪಂಚಾಯ್ತಿ ಮಟ್ಟದ ಒಕ್ಕೂಟದ ಮೂಲಕ ಸಮುದಾಯ ಬಂಡವಾಳ ನಿಧಿ. ಆಹಾರ ತಯಾರಿಕೆಯಲ್ಲಿ ತೊಡಗಿದ ಗುಂಪಿನ ಪ್ರತಿ ಸದಸ್ಯೆಗೆ ಪಿಎಂಎಫ್‌ಎಂಇಯಿಂದ 40,000 ರೂಪಾಯಿವರೆಗೆ ಬೀಜಧನವೂ ಇದೆ. ಐದು ಜನ ಅಕ್ಕತಂಗಿಯರು ಎರಡು ಒಲೆ, ಒಂದು ಸೀಲಿಂಗ್ ಮಷೀನು ಇಟ್ಟುಕೊಂಡು ಒಂದು ವರ್ಷ ಸಂತೆಯಲ್ಲಿ ಮಾರಿ ನೋಡಲು ಅಷ್ಟು ಸಾಕು. ಮಾರುವುದು ಗೊತ್ತಾದ ಮೇಲೆ ಗಿರಣಿಯ ಸಾಲಕ್ಕೆ ಹೋಗಲಿ.

ರೈತ ಉತ್ಪಾದಕ ಕಂಪನಿ ಕಟ್ಟುವುದಾದರೆ, 2020ರ ಕೇಂದ್ರ ಯೋಜನೆಯಲ್ಲಿ ಮೂರು ವರ್ಷಕ್ಕೆ ನಿರ್ವಹಣೆಗೆಂದು 18 ಲಕ್ಷದವರೆಗೆ, ಷೇರಿಗೆ ಸಮನಾಗಿ ಪ್ರತಿ ಸದಸ್ಯರಿಗೆ 2,000 ರೂಪಾಯಿಯಂತೆ ಒಟ್ಟು 15 ಲಕ್ಷದವರೆಗೆ ನೆರವಿದೆ. ಬಯಲು ಪ್ರದೇಶದಲ್ಲಿ ಕನಿಷ್ಠ 300 ರೈತರು ಬೇಕು. 300 ಹೆಸರು ಬರೆಸುವುದು ಸುಲಭ. 300 ಜನ ತಮ್ಮ ತೊಗರಿಯನ್ನು ದಲ್ಲಾಳಿಗೆ ಕೊಡದೆ ಕಂಪನಿಗೆ ತರುತ್ತಾರೆಯೇ ಎಂಬುದನ್ನು ಮೊದಲು ಒಂದು ಸುಗ್ಗಿಯಲ್ಲಿ ಪರೀಕ್ಷಿಸಿ.

ಹೊರದೇಶದಲ್ಲಿರುವ ಊರ ಮಕ್ಕಳು ಕಳಿಸುವ ದುಡ್ಡು

ಅಮೆರಿಕದಲ್ಲೋ ಗಲ್ಫ್‌ನಲ್ಲೋ ಇರುವ ಊರಿನವರು ಶಾಲೆಗೆ ಏನಾದರೂ ಮಾಡಬೇಕು ಎಂದು ಮುಂದೆ ಬರುತ್ತಾರೆ. ಪ್ರೀತಿಯ ದುಡ್ಡು, ಆದರೆ ಕಾನೂನು ಕಟ್ಟುನಿಟ್ಟು. ಕಳಿಸುವವರ ಹತ್ತಿರ ಈಗಲೂ ಭಾರತದ ಪಾಸ್‌ಪೋರ್ಟ್ ಇದ್ದು, ಸ್ವಂತ ಉಳಿತಾಯವನ್ನು ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅನ್ನಿಸಿಕೊಳ್ಳುವುದಿಲ್ಲ. ಪಾಸ್‌ಪೋರ್ಟ್ ನಕಲು ತರಿಸಿ ಕಡತದಲ್ಲಿಡಿ. ಅವರು ಅಲ್ಲಿನ ಪೌರತ್ವ ತೆಗೆದುಕೊಂಡಿದ್ದರೆ, ಭಾರತ ಮೂಲದವರಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ, ಅದು ವಿದೇಶಿ ದೇಣಿಗೆಯೇ. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) ಅನುಮತಿ ಇಲ್ಲದ ಸಂಘ ಅದನ್ನು ಮುಟ್ಟಿದರೆ ಪದಾಧಿಕಾರಿಗಳು ಸಿಕ್ಕಿಬೀಳುತ್ತಾರೆ. ಎಫ್‌ಸಿಆರ್‌ಎ ಇರುವ ಸಂಸ್ಥೆಗೆ ಬಂದ ದುಡ್ಡನ್ನು ನಿಮ್ಮ ಸಂಘದ ಖಾತೆಗೆ ದಾಟಿಸುವುದನ್ನೂ 2020ರ ತಿದ್ದುಪಡಿ ನಿಷೇಧಿಸಿದೆ; ಆ ಸಂಸ್ಥೆಯೇ ನಿಮ್ಮೂರಿಗೆ ಬಂದು ಕೆಲಸ ಮಾಡಬೇಕು. ಇದನ್ನು ಅವರಿಗೆ ಮೊದಲೇ ಬಿಡಿಸಿ ಹೇಳಿದರೆ ಮನಸ್ತಾಪ ತಪ್ಪುತ್ತದೆ.

ಹಾಗಾದರೆ ಯಾವುದು?

ಕೆರೆಗೆ: ಚಿಕ್ಕ ಕೆರೆಯಾದರೆ ಪಂಚಾಯ್ತಿ ಮೊದಲು. ಕಾಲುವೆ, ಏರಿ, ಬದುಗಳನ್ನು ಉದ್ಯೋಗ ಖಾತರಿಗೆ ಹಾಕಿ. ಯಂತ್ರವೇ ಬೇಕಾಗುವ ಆಳದ ಹೂಳಿಗೆ ಸಂಸ್ಥೆ ಅಥವಾ ಸಿಎಸ್‌ಆರ್ ಹಿಡಿಯಿರಿ. ಹೀಗೆ ಭಾಗ ಮಾಡಿಕೊಳ್ಳುವುದು ತಪ್ಪಲ್ಲ. ಒಂದೇ 400 ಮೀಟರ್‌ಗೆ ಎರಡು ಕಡೆ ಬಿಲ್ಲು ಮಾಡುವುದು ಅಪರಾಧ. ಅದಕ್ಕೇ ಯಾವ ಭಾಗ ಯಾರದ್ದು ಎಂದು ನಕ್ಷೆಯಲ್ಲಿ ಗೆರೆ ಎಳೆದು ಇಬ್ಬರಿಗೂ ಕೊಡಿ.

ಶಾಲೆಗೆ: ಕೊಠಡಿ ಶಾಸಕರಿಂದ, ಕಲ್ಯಾಣ ಕರ್ನಾಟಕದಲ್ಲಿ ಮಂಡಳಿಯಿಂದ. ನೀರು, ಶೌಚಾಲಯ ಪಂಚಾಯ್ತಿಯ ನಿರ್ಬಂಧಿತ ಅನುದಾನದಿಂದ. ಪೀಠೋಪಕರಣ, ಕಂಪ್ಯೂಟರು ಸಿಎಸ್‌ಆರ್‌ನಿಂದ. ಕೇಳುವ ಪತ್ರ ಎಸ್‌ಡಿಎಂಸಿಯ ಠರಾವಿನೊಂದಿಗೆ ಮುಖ್ಯಶಿಕ್ಷಕರ ಸಹಿಯಲ್ಲಿ ಹೋಗಲಿ, ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೆ ಒಂದು ಪ್ರತಿ ಇರಲಿ.

ಗುಂಪಿನ ಉದ್ಯಮಕ್ಕೆ: ಸಂಜೀವಿನಿ, ಆಮೇಲೆ ಬೀಜಧನ, ಕೊನೆಗೆ ಪಿಎಂಎಫ್‌ಎಂಇ ಸಾಲ. ಈ ಕ್ರಮ ತಿರುಗುಮುರುಗಾದ ಗುಂಪುಗಳು ಸಾಲದಲ್ಲಿ ಸಿಕ್ಕಿಕೊಂಡು ಒಡೆದುಹೋಗುತ್ತವೆ. ಹತ್ತು ವರ್ಷ ಒಟ್ಟಿಗೆ ಕೂತು ಉಳಿತಾಯ ಮಾಡಿದ ಹೆಣ್ಣುಮಕ್ಕಳು ಒಬ್ಬರ ಮುಖ ಒಬ್ಬರು ನೋಡದಂತಾಗುವುದು ಯಾವ ಗಿರಣಿಗೂ ತೆರಬಾರದ ಬೆಲೆ.

ಅರ್ಜಿ ಬರೆಯುವಾಗ

ಮನವಿ ಒಂದೇ ಪುಟ ಇರಲಿ. "ನಮ್ಮೂರಲ್ಲಿ ನೀರಿಗೆ ತುಂಬಾ ತೊಂದರೆ" ಎಂದು ಎಲ್ಲರೂ ಬರೆಯುತ್ತಾರೆ. ಎಷ್ಟು ಮನೆಗೆ, ಯಾವ ತಿಂಗಳಿಂದ ಯಾವ ತಿಂಗಳವರೆಗೆ, ವಾರಕ್ಕೆ ಎಷ್ಟು ದಿನ ನೀರು ಬರುತ್ತದೆ, ಎಷ್ಟು ದೂರದಿಂದ ಹೊತ್ತು ತರುತ್ತಾರೆ ಎಂಬ ಲೆಕ್ಕವನ್ನು ಬೀದಿ ಬೀದಿ ತಿರುಗಿ ಬರೆದುಕೊಂಡು ಬನ್ನಿ. ಆ ಕೆಲಸವನ್ನು ಕಾಲೇಜಿಗೆ ಹೋಗುವ ಹುಡುಗ ಹುಡುಗಿಯರು ಎರಡು ಭಾನುವಾರದಲ್ಲಿ ಮಾಡಬಲ್ಲರು. ಮೊತ್ತವನ್ನು ಅಂದಾಜಿನಲ್ಲಿ "ಸುಮಾರು 10 ಲಕ್ಷ" ಎನ್ನಬೇಡಿ. ಜೆಇ ಅವರಿಂದ ಅನುಸೂಚಿ ದರದಲ್ಲಿ ಅಂದಾಜು ಪಟ್ಟಿ ಮಾಡಿಸಿ, ಜಿಎಸ್‌ಟಿ ಸೇರಿದೆಯೇ ನೋಡಿ. ಲಗತ್ತುಗಳು: ಪಹಣಿ ಅಥವಾ ಇ-ಸ್ವತ್ತು, ಗ್ರಾಮ ಸಭೆಯ ಠರಾವಿನ ನಕಲು, ಅಂದಾಜು ಪಟ್ಟಿ, ಈಗಿನ ಸ್ಥಿತಿಯ ನಾಲ್ಕು ಫೋಟೊ, ಊರಿನ ಪಾಲು ಏನು ಎಂಬ ಒಂದು ಸಾಲು. ಮನೆಮನೆಗೆ ನಲ್ಲಿ ನೀರು ಕೊಡುವ ಜಲ ಜೀವನ್ ಮಿಷನ್‌ನಲ್ಲಿ ಊರೊಳಗಿನ ಕಾಮಗಾರಿಗೆ ಜನರ ವಂತಿಗೆ ಶೇ 10, ಪರಿಶಿಷ್ಟರು ಹೆಚ್ಚಿರುವ ಊರಿಗೆ ಶೇ 5 ಎಂದಿಟ್ಟಿದ್ದಾರೆ. ಬೇರೆ ಕಡೆ ಕಡ್ಡಾಯವಿಲ್ಲದಿದ್ದರೂ ಕಲ್ಲು, ಮಣ್ಣು, ದಿನದ ದುಡಿಮೆ ಏನಾದರೂ ಕೊಡುತ್ತೇವೆ ಎಂದು ಬರೆದ ಅರ್ಜಿಗೆ ತೂಕ ಬರುತ್ತದೆ.

ಯಾವ ಕಚೇರಿಗೆ ಕೊಟ್ಟರೂ ಎರಡನೇ ಪ್ರತಿಗೆ ಮೊಹರು, ದಿನಾಂಕ ಹಾಕಿಸಿ ಸ್ವೀಕೃತಿ ಪಡೆಯಿರಿ. ತಿಂಗಳು ಬಿಟ್ಟು ಕಡತ ಸಂಖ್ಯೆ ಕೇಳಿ. ಉತ್ತರವೇ ಬರದಿದ್ದರೆ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕಡತದ ಸ್ಥಿತಿ ಕೇಳಬಹುದು. 30 ದಿನದಲ್ಲಿ ಉತ್ತರ ಕೊಡಬೇಕು. "ಅನುದಾನ ಮಾಡಿಸಿಕೊಡುತ್ತೇವೆ, ಮೊದಲು ಶೇ 5 ಕಟ್ಟಿ" ಎಂದು ಫೋನ್ ಮಾಡುವವರಿಗೆ ಆಧಾರ್ ನಕಲನ್ನೂ ಕೊಡಬೇಡಿ, ದುಡ್ಡಂತೂ ಬೇಡವೇ ಬೇಡ.

ಮಂಜೂರಾದ ಮೇಲೆ ಅಂದಾಜು ಪಟ್ಟಿಯ ಒಂದು ಪ್ರತಿ ಊರಿನಲ್ಲೇ ಇರಲಿ. ಕಬ್ಬಿಣ ಎಷ್ಟು ಎಂಎಂ ಎಂದು ಬರೆದಿದೆ, ಹಾಕುತ್ತಿರುವುದು ಎಷ್ಟು ಎಂದು ಕೆಲಸ ನಡೆಯುವಾಗ ನೋಡಲು ಊರಿನ ಗಾರೆ ಮೇಸ್ತ್ರಿಯೊಬ್ಬರನ್ನು ಒಪ್ಪಿಸಿ. ಸಂಘದ ಮೂಲಕ ಖರ್ಚಾದ ದುಡ್ಡಿಗೆ ಹಣ ಬಳಕೆ ಪ್ರಮಾಣಪತ್ರವನ್ನು ಕೇಳುವ ಮೊದಲೇ ಕೊಟ್ಟುಬಿಡಿ. ಎರಡನೇ ಕಂತು ನಿಲ್ಲುವುದು ಸಾಮಾನ್ಯವಾಗಿ ಆ ಒಂದು ಹಾಳೆಗಾಗಿ. ಪಂಚಾಯ್ತಿಯ ದುಡ್ಡಾದರೆ ವರ್ಷಕ್ಕೊಮ್ಮೆ ಜಮಾಬಂದಿ, ಅಂದರೆ ಪಂಚಾಯ್ತಿಯ ಲೆಕ್ಕ, ಕಾಮಗಾರಿಗಳ ಬಹಿರಂಗ ತಪಾಸಣೆ, ನಡೆಯುತ್ತದೆ, ಅಂದು ನಿಮ್ಮ ಕಾಮಗಾರಿಯ ಬಿಲ್ಲು, ಅಳತೆ ಪುಸ್ತಕ ಎರಡನ್ನೂ ಕೇಳಿ ನೋಡಬಹುದು. ಸಭೆಗೆ ಹೋಗುವಾಗ ಆ ಅಂದಾಜು ಪಟ್ಟಿಯ ಪ್ರತಿ ಜೊತೆಗಿರಲಿ.